ಕೊಳದಲ್ಲಿ ಕಲಿತ ಈಜು ಕಡಲಿಗೆ ಸಾಕಾ?

ಪ್ರಶ್ನೆ: ಡಿಸೆಂಬರ್ ರಜೆಗೆ ಮಂಗಳೂರಿಗೆ ಹೊರಟಿದ್ದೇವೆ. ನಾನೂ ನನ್ನ ಮಗಳೂ ಬೆಂಗಳೂರಿನ ಈಜುಕೊಳದಲ್ಲಿ ಚೆನ್ನಾಗಿ ಈಜುತ್ತೇವೆ. ಅಲ್ಲಿ ಸಮುದ್ರದಲ್ಲಿ ಈಜಲು ಒಳ್ಳೆಯ ಜಾಗ ಯಾವುದು? ಸೋಮೇಶ್ವರ ಆಗಬಹುದಾ?
– ಓದುಗರೊಬ್ಬರು, ಜಯನಗರ, ಬೆಂಗಳೂರು

ಉತ್ತರ: ಸೋಮೇಶ್ವರ ಖಂಡಿತ ಬೇಡ. ದೇವಸ್ಥಾನಕ್ಕೆ ಹೋಗಿ, ಸೂರ್ಯಾಸ್ತ ನೋಡಿ, ಆದರೆ ನೀರಿಗೆ ಇಳಿಯಬೇಡಿ. ಅಲ್ಲಿ ಬಂಡೆಗಳು ಜಾಸ್ತಿ, ಅಲೆ ಎತ್ತಿ ಬಂಡೆಗೆ ಬಡಿದರೆ ಎಷ್ಟು ಚೆನ್ನಾಗಿ ಈಜು ಬಂದರೂ ಉಪಯೋಗವಿಲ್ಲ.

ಸಮುದ್ರದಲ್ಲೇ ಈಜಬೇಕು ಅಂತಿದ್ದರೆ ಪಡುಬಿದ್ರಿಗೆ ಹೋಗಿ. ಉಡುಪಿ ಕಡೆಗೆ ಹೆದ್ದಾರಿಯಲ್ಲಿ ಸುಮಾರು 30 ಕಿ.ಮೀ. ಅಷ್ಟೇ. ಅಲ್ಲಿನ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ನೀರು ಎಷ್ಟು ಶುದ್ಧವಾಗಿದೆ, ಜೀವರಕ್ಷಕರು ಇದ್ದಾರಾ ಅಂತೆಲ್ಲ ನೋಡಿಯೇ ಈ ಮಾನ್ಯತೆ ಕೊಡುವುದು. ಮಗಳು ಜೊತೆಗಿರುವಾಗ ಅಷ್ಟು ದೂರ ಹೋಗಿ ಬಂದರೂ ನಷ್ಟವಿಲ್ಲ. ಊರಿನಲ್ಲೇ ಆಗಬೇಕೆಂದರೆ ಪಣಂಬೂರು ಅಥವಾ ತಣ್ಣೀರುಬಾವಿ. ಭಾನುವಾರ ಸಂಜೆ ಪಣಂಬೂರಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಬೆಳಿಗ್ಗೆಯೇ ಹೋಗಿ. ಎಲ್ಲೇ ಇಳಿಯುವುದಾದರೂ ಮೊದಲು ಜೀವರಕ್ಷಕರನ್ನು ಹುಡುಕಿ, ಇವತ್ತು ಎಲ್ಲಿ ಇಳಿಯಬಹುದು ಅಂತ ಕೇಳಿ. ಮರಳು ಸರಿಯುತ್ತಾ ಇರುತ್ತದೆ, ನಿನ್ನೆ ಚೆನ್ನಾಗಿದ್ದ ಜಾಗ ಇವತ್ತು ಹಾಗೇ ಇರಬೇಕೆಂದಿಲ್ಲ.

ಕೊಳದಲ್ಲಿ ಕಲಿತವರಿಗೆ ಗೊತ್ತಿಲ್ಲದ್ದು ಸೆಳೆತ. ದಡದಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಎರಡೂ ಕಡೆ ಅಲೆ ಒಡೆಯುತ್ತಿದ್ದು, ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ಅಲೆಯೇ ಏಳುತ್ತಿಲ್ಲವಾ? ನೀರು ಮರಳು ಕಲೆಸಿ ಕೆಂಪಗಿದೆಯಾ, ನೊರೆ ಒಳಗೆ ಹೋಗುತ್ತಿದೆಯಾ? ದಡಕ್ಕೆ ಬಂದ ನೀರು ವಾಪಸ್ ಹೋಗುವ ದಾರಿ ಅದೇ. ಶಾಂತವಾಗಿದೆ ಅಂತ ಮಕ್ಕಳನ್ನು ಕರೆದುಕೊಂಡು ಜನ ಸರಿಯಾಗಿ ಅಲ್ಲೇ ಇಳಿಯುತ್ತಾರೆ, ಅದನ್ನು ನೋಡಿದಾಗಲೆಲ್ಲ ಎದೆ ಧಸಕ್ಕೆನ್ನುತ್ತದೆ. ಒಂದು ವೇಳೆ ಸೆಳೆತಕ್ಕೆ ಸಿಕ್ಕರೆ ನೇರ ದಡಕ್ಕೆ ಈಜಬೇಡಿ, ಸುಮ್ನೆ ಸುಸ್ತಾಗುತ್ತೀರಿ. ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ, ಸೆಳೆತ ಬಿಟ್ಟ ಮೇಲೆ ಓರೆಯಾಗಿ ದಡದ ಕಡೆ ಬನ್ನಿ. ಆಗದಿದ್ದರೆ ಅಂಗಾತ ತೇಲುತ್ತಾ ಕೈ ಎತ್ತಿ ಬೀಸಿ, ಉಪ್ಪುನೀರು ಕೊಳದ ನೀರಿಗಿಂತ ಚೆನ್ನಾಗಿ ತೇಲಿಸುತ್ತದೆ. ಮಗಳಿಗೂ ಇದನ್ನು ಹೊರಡುವ ಮೊದಲೇ ಹೇಳಿಕೊಡಿ.

ಅಳಿವೆಗಳ ಹತ್ತಿರವೂ ಹೋಗಬೇಡಿ. ನೇತ್ರಾವತಿ, ಗುರುಪುರ ನದಿಗಳು ಕಡಲು ಸೇರುವ ಕಡೆ ನೀರು ಕೆರೆಯ ಹಾಗೆ ಕಾಣುತ್ತದೆ, ಇಳಿತ ಶುರುವಾದರೆ ಸೀದಾ ಹೊರಗೆ ಎಳೆಯುತ್ತದೆ.

ಡಿಸೆಂಬರ್ ಒಳ್ಳೆಯ ಸಮಯವೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲದ ಕಡಲಿಗೆ ಮಾತ್ರ ಯಾರೂ ಇಳಿಯಬಾರದು. ಅಂದಹಾಗೆ, ದಿನಾ ಲ್ಯಾಪ್ ಹೊಡೆಯುವ ಅಭ್ಯಾಸ ಬಿಡಲು ಮನಸ್ಸಿಲ್ಲದಿದ್ದರೆ ಮಂಗಳೂರಿನಲ್ಲೂ ಈಜುಕೊಳಗಳಿವೆ. ಲೇಡಿಹಿಲ್‌ನ ಮಂಗಳಾ ಈಜುಕೊಳ ಹಳೆಯದು, ಎಮ್ಮೆಕೆರೆಯದು ಹೊಸದು. ಹೋಗುವ ಮೊದಲು ಸಮಯ ವಿಚಾರಿಸಿಕೊಳ್ಳಿ.