ತಮ್ಮನನ್ನು ನೇರವಾಗಿ ಕೇಳಬಹುದಾ?

ಕೇಳಿ. ಇವತ್ತೇ ಕೇಳಿ.

ಪಿಯುಸಿ ಓದುವ ತಮ್ಮ ಮೂರು ವಾರದಿಂದ ಸಪ್ಪಗಿದ್ದಾನೆ, ಮೊನ್ನೆ "ನಾನಿಲ್ಲದಿದ್ರೆ ನಿಮಗೆಲ್ಲ ನೆಮ್ಮದಿ" ಅಂದ ಅಂತ ಬರೆದಿದ್ದೀರಿ. ಸಾಯುವ ಯೋಚನೆ ಬರುತ್ತಿದೆಯಾ ಅಂತ ಕೇಳಿದರೆ ಇಲ್ಲದ್ದನ್ನು ತಲೆಗೆ ತುಂಬಿದ ಹಾಗಾಗುತ್ತಾ ಅನ್ನೋದು ನಿಮ್ಮ ಭಯ. ಆಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಇದನ್ನೇ. ನನಗೆ ಮಾತ್ರ ಇದು ಓದಿ ಗೊತ್ತಾದದ್ದಲ್ಲ, ನನ್ನನ್ನೇ ಒಬ್ಬ ಕೇಳಿದ್ದ.

ಡಿಪ್ಲೊಮಾ ಎರಡನೇ ವರ್ಷ, ಹಾಸ್ಟೆಲ್. ಮೂರು ಸಬ್ಜೆಕ್ಟ್ ಹೋಗಿದ್ದವು. ಅದೊಂದೇ ಕಾರಣ ಅಲ್ಲ, ಅದಕ್ಕೂ ಮೊದಲೇ ನಿದ್ದೆ ಕೆಟ್ಟಿತ್ತು, ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗಿ ಗೋಡೆ ನೋಡುತ್ತಾ ಮಲಗಿರುತ್ತಿದ್ದೆ, ಮೆಸ್‌ನಲ್ಲಿ ತುತ್ತು ಗಂಟಲಿಂದ ಇಳಿಯುತ್ತಿರಲಿಲ್ಲ, ಸ್ನಾನ ಮಾಡುವುದೇ ದೊಡ್ಡ ಕೆಲಸ ಅನ್ನಿಸುತ್ತಿತ್ತು. ಮನೆಯಲ್ಲಿ ಸೋಮಾರಿ ಅಂದುಕೊಂಡರು.

ಒಂದು ರಾತ್ರಿ ರೂಮ್‌ಮೇಟ್ ತನ್ನ ಮಂಚದ ಮೇಲೆ ಕೂತು, ಊರಿಂದ ಬಂದಿದ್ದ ಶೇಂಗಾ ಚಟ್ನಿ ಡಬ್ಬದ ಮುಚ್ಚಳ ತಿರುಗಿಸುತ್ತಾ, ನನ್ನ ಮುಖ ನೋಡದೆ, "ಸಾಯಬೇಕು ಅನ್ನಿಸ್ತಿದೆಯೇನೋ?" ಅಂದ. ಹೂಂ ಅಂದೆ. ಅವನಿಗೆ ಏನು ಹೇಳಬೇಕೋ ತೋಚಲಿಲ್ಲ. ಮುಚ್ಚಳ ಹಾಕುತ್ತಾ ತೆಗೆಯುತ್ತಾ ಸುಮ್ನೆ ಕೂತ. ಆದರೆ ಎದ್ದು ಹೋಗಲಿಲ್ಲ, ಬುದ್ಧಿ ಹೇಳಲಿಲ್ಲ. "ಅಪ್ಪ ಅಮ್ಮನ ಮುಖ ನೋಡು" ಅಂದಿದ್ದರೆ ನಾನು ಬಾಯಿ ಮುಚ್ಚಿಬಿಡುತ್ತಿದ್ದೆ, ಯಾಕಂದ್ರೆ ಅವರಿಗೆ ಹೊರೆಯಾಗಿದ್ದೇನೆ ಅನ್ನೋದೇ ನನ್ನ ಸಂಕಟ. ಎಷ್ಟೋ ದಿನದಿಂದ ಒಬ್ಬನೇ ಹೊತ್ತಿದ್ದು ಆ ರಾತ್ರಿ ಅರ್ಧ ಇಳಿಯಿತು. ಬೆಳಿಗ್ಗೆ ಕ್ಲಾಸ್ ಬಿಟ್ಟು ನನ್ನ ಜೊತೆ ಜಿಲ್ಲಾ ಆಸ್ಪತ್ರೆಗೆ ಬಂದ, ಓಪಿಡಿ ಚೀಟಿ ಅವನೇ ಮಾಡಿಸಿದ. ನಮ್ಮ ಮನೆಗೂ ಅವನೇ ಫೋನ್ ಮಾಡಿದ. ಆಗ ನನಗೆ ವಿಪರೀತ ಸಿಟ್ಟು ಬಂದಿತ್ತು. ಈಗ ಅವನಿಗೆ ಎಷ್ಟು ಋಣಿ ಅಂತ ಹೇಳಲು ಬರುವುದಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, "ಯಾರಿಗೂ ಹೇಳಲ್ಲ" ಅಂತ ತಮ್ಮನಿಗೆ ಮಾತು ಕೊಡಬೇಡಿ. ಹೌದು ಅಂದರೆ ಒಬ್ಬನೇ ಬಿಡಬೇಡಿ, ಅಪಾಯದ ವಸ್ತುಗಳು ಮನೆಯಲ್ಲಿದ್ದರೆ ಅವನ ಕೈಗೆ ಸಿಗದ ಹಾಗೆ ಬೀಗ ಹಾಕಿ, ಪರಿಸ್ಥಿತಿ ಕೈಮೀರುತ್ತಿದೆ ಅನ್ನಿಸಿದರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ ಅಥವಾ 112ಕ್ಕೆ ಫೋನ್ ಮಾಡಿ. ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416 ಇದೆ, 2022ರ ಅಕ್ಟೋಬರ್ 10ರಂದು ಶುರುವಾದದ್ದು, ಬೆಂಗಳೂರಿನ ನಿಮ್ಹಾನ್ಸ್ ಅದರ ಬೆನ್ನಿಗಿದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಅವನೇ ಮಾಡಬೇಕು ಅಂತೇನಿಲ್ಲ, ಅಕ್ಕನಾಗಿ ನೀವೇ ಮಾಡಿ ಕೇಳಬಹುದು.

ಡಾಕ್ಟರು ಮಾತ್ರೆ ಬರೆದುಕೊಟ್ಟರೆ ಇನ್ನೊಂದು ವಿಷಯ. ಖಿನ್ನತೆಯ ಔಷಧಿ ಕೆಲಸ ಶುರು ಮಾಡಲು ಕೆಲವು ವಾರ ಬೇಕು. ನಾನು ಎರಡನೇ ವಾರಕ್ಕೇ "ಏನೂ ಆಗ್ತಿಲ್ಲ" ಅಂತ ಬಿಡಲು ಹೊರಟಿದ್ದೆ. ಆ ದಿನಗಳಲ್ಲಿ ಅವನ ಪಕ್ಕ ಇರಿ, ಡಾಕ್ಟರನ್ನು ಕೇಳದೆ ನಿಲ್ಲಿಸಲು ಬಿಡಬೇಡಿ.

ಕೇಳಿದಾಗ ಅವನು ಇಲ್ಲ ಅನ್ನಬಹುದು. ಆಗ ಅಲ್ಲಿಗೇ ಬಿಡಬೇಡಿ, ಎರಡು ದಿನ ಕಳೆದು ಮತ್ತೆ ಕೇಳಿ. ರೂಮ್‌ಮೇಟ್ ಕೇಳಿದ್ದು ಅದೇ ಮೊದಲಲ್ಲ. ಮೊದಲ ಸಲ ನಾನು "ಏನಿಲ್ಲ ಮಾರಾಯ, ತಲೆನೋವು" ಅಂದಿದ್ದೆ.