ಮದುವೆಯಾದ ಮಗಳಿಗೂ ಪಾಲಿದೆಯಾ?

ಪ್ರಶ್ನೆ: ಅಪ್ಪ 2001ರಲ್ಲಿ ತೀರಿಕೊಂಡರು. ತಾತನಿಂದ ಬಂದ ಜಮೀನಿನ ಪಹಣಿ ಈಗ ಅಣ್ಣಂದಿರ ಹೆಸರಲ್ಲಿದೆ. ಪಾಲು ಇನ್ನೂ ಆಗಿಲ್ಲ. 'ಮದುವೆಯಾದವಳಿಗೆ ಏನೂ ಬರಲ್ಲ, ಸಹಿ ಹಾಕು' ಅಂತಾರೆ. ಏನು ಮಾಡಲಿ?

ಉತ್ತರ: ಮೊದಲು ಹೇಳೋದು, ಓದದೆ ಎಲ್ಲಿಯೂ ಸಹಿ ಹಾಕಬೇಡಿ. ಅದು ಹಕ್ಕು ಬಿಡುಗಡೆ ಪತ್ರವಾಗಿ ನೋಂದಣಿಯಾದರೆ ಆಮೇಲೆ ಬಿಡಿಸಿಕೊಳ್ಳೋದು ತುಂಬಾ ಕಷ್ಟ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು, ಅದೂ ಹುಟ್ಟಿನಿಂದಲೇ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿ ಇದನ್ನು ಹೇಳುತ್ತದೆ. ಆಗ ಅಪ್ಪ ಬದುಕಿರಲೇಬೇಕು ಅಂತೇನಿಲ್ಲ ಎಂದು 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಮದುವೆಯಾಗಿರೋದು ಅಡ್ಡಿಯಲ್ಲ. ಆದರೆ 2004ರ ಡಿಸೆಂಬರ್ 20ಕ್ಕೂ ಮೊದಲೇ ನೋಂದಾಯಿತ ಪಾಲುಪತ್ರವಾಗಿದ್ದರೆ, ಇಲ್ಲವೇ ಜಮೀನು ಮಾರಾಟವಾಗಿದ್ದರೆ, ಅದನ್ನು ಈಗ ಕೆದಕಲು ಆಗಲ್ಲ. ಅದಕ್ಕೇ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಋಣಭಾರ ಪತ್ರ (ಜಮೀನಿನ ಮೇಲೆ ನೋಂದಣಿಯಾದ ಮಾರಾಟ, ಪಾಲು, ಸಾಲಗಳ ಪಟ್ಟಿ) ತೆಗೆಸಿ ನೋಡಿ. ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಅಣ್ಣಂದಿರೇ ಮಾಲೀಕರಾಗಲ್ಲ, ಅದು ಕಂದಾಯದ ದಾಖಲೆ ಅಷ್ಟೇ. ಅಮ್ಮ ಇದ್ದರೆ ಅಪ್ಪನ ಭಾಗದಲ್ಲಿ ಅವರಿಗೂ ಪಾಲಿದೆ, ಅದನ್ನು ಯಾರೂ ನೆನಪಿಸಲ್ಲ ಅನ್ನೋದು ನನಗೆ ಬೇಸರದ ಸಂಗತಿ. ಹಿರಿಯರನ್ನು ಕೂರಿಸಿ ಮಾತಾಡಿ, ಒಪ್ಪಿಗೆಯಾದರೆ ಪಾಲುಪತ್ರ ನೋಂದಣಿ ಮಾಡಿಸಿ. ಒಪ್ಪದಿದ್ದರೆ ತಡ ಮಾಡದೆ ಸಿವಿಲ್ ಕೋರ್ಟಿನಲ್ಲಿ ಪಾಲಿನ ದಾವೆ ಹೂಡಿ, ಜಮೀನು ಮಾರದಂತೆ ತಡೆಯಾಜ್ಞೆಯನ್ನೂ ಕೇಳಿ.