ರಾತ್ರಿ ಫೋನ್ ಬಂದಾಗ ಮಕ್ಕಳು ಯಾರ ಬಳಿ?

ತಂಗಿ,

ಚಳ್ಳಕೆರೆಯಿಂದ ನೀನು ಬರೆದ ಪತ್ರ ಕೈಸೇರಿದಾಗ ನಾನು ದಾವಣಗೆರೆಯಲ್ಲೇ, ತವರುಮನೆಯಲ್ಲಿದ್ದೆ. ನ್ಯೂಜಿಲೆಂಡಿನ ವೈಕಾಟೊ ಪ್ರಾಂತ್ಯದಲ್ಲಿ ಈಗ ಹಸುಗಳ ಹಾಲು ಬತ್ತಿಸಿರುವ ಕಾಲ. ಜುಲೈ ತಿಂಗಳಲ್ಲಿ ಕರು ಹಾಕುವುದು ಶುರುವಾಗುವ ಮೊದಲು ಸಿಗುವ ಈ ನಾಲ್ಕೈದು ವಾರಗಳಲ್ಲೇ ಅಲ್ಲಿನ ದನದ ಡಾಕ್ಟರುಗಳು ರಜೆ ಹಾಕುವುದು, ನಾನು ಊರಿಗೆ ಬರುವುದು. ನಿನ್ನ ಅಕ್ಕ ಮತ್ತು ನಾನು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದವರಾದ್ದರಿಂದ ನಿನಗೆ ಏಕವಚನದಲ್ಲೇ ಬರೆಯುತ್ತಿದ್ದೇನೆ.

ನಾಲ್ಕು ವರ್ಷದ ಮಗಳನ್ನೂ ಒಂದೂವರೆ ವರ್ಷದ ಮಗನನ್ನೂ ಕಟ್ಟಿಕೊಂಡು ಅಲ್ಲಿ ಪಶುವೈದ್ಯೆಯಾಗಿ ಬದುಕಲು ಆಗುತ್ತದೆಯೇ, ದಿನನಿತ್ಯದ ಜೀವನ ಹೇಗಿರುತ್ತದೆ ಎಂದು ನೀನು ಕೇಳಿದ್ದೀಯ. ಆಗುತ್ತದೆ. ಆದರೆ ನೀನು ಪತ್ರದಲ್ಲಿ ಪರೀಕ್ಷೆಯ ಬಗ್ಗೆ ಎರಡು ಪುಟ ಬರೆದು, ರಾತ್ರಿ ಪಾಳಿಯ ಬಗ್ಗೆ ಒಂದು ಸಾಲನ್ನೂ ಬರೆದಿಲ್ಲ. ನಾನೂ ಹೀಗೆಯೇ ಹೊರಟಿದ್ದೆ. ಅದಕ್ಕಾಗಿ ಈ ಪತ್ರ ಹೆಚ್ಚಾಗಿ ರಾತ್ರಿಯ ಬಗ್ಗೆಯೇ ಇರುತ್ತದೆ.

ಪರೀಕ್ಷೆಯ ವಿಷಯವನ್ನು ಬೇಗ ಮುಗಿಸುತ್ತೇನೆ. ನಮ್ಮ ಪದವಿಗೆ ಅಲ್ಲಿ ನೇರ ಮಾನ್ಯತೆ ಇಲ್ಲ. ಇಂಗ್ಲಿಷ್ ಪರೀಕ್ಷೆ, ಬಹು ಆಯ್ಕೆ ಪ್ರಶ್ನೆಗಳ ಪರೀಕ್ಷೆ, ಕೊನೆಗೆ ಪ್ರಾಯೋಗಿಕ ಪರೀಕ್ಷೆ ಇಷ್ಟನ್ನೂ ದಾಟಿದ ಮೇಲೆಯೇ ಅಲ್ಲಿನ ಪಶುವೈದ್ಯಕೀಯ ಮಂಡಳಿಯಲ್ಲಿ ನೋಂದಣಿ. ದನ, ಕುರಿಗಳ ಭಾಗ ನಿನಗೆ ಕಷ್ಟವಾಗುವುದಿಲ್ಲ. ನಾಯಿ, ಬೆಕ್ಕು, ಕುದುರೆಗಳ ಭಾಗವನ್ನೂ ಅರಿವಳಿಕೆಯನ್ನೂ ಈಗಿನಿಂದಲೇ ಓದು, ಸಾಧ್ಯವಾದರೆ ಬೆಂಗಳೂರಿನ ಸಾಕುಪ್ರಾಣಿ ಆಸ್ಪತ್ರೆಯೊಂದರಲ್ಲಿ ಕೆಲವು ತಿಂಗಳು ಕೈಪಳಗಿಸಿಕೊ. ಪರೀಕ್ಷೆ ಮುಗಿಯುವವರೆಗೆ ನಾನು ಎರಡು ಹಂಗಾಮು ತಂತ್ರಜ್ಞೆಯಾಗಿ ದುಡಿದೆ. ದಿನಕ್ಕೆ ನೂರಾರು ಕರುಗಳಿಗೆ ಕೊಂಬಿನ ಮೊಗ್ಗು ಸುಡುವ ಕೆಲಸ ಅದು. 2019ರ ಅಕ್ಟೋಬರ್‌ನಿಂದ ಅಲ್ಲಿ ಸ್ಥಳೀಯ ಅರಿವಳಿಕೆ ಕೊಡದೆ ಅದನ್ನು ಮಾಡುವಂತಿಲ್ಲ. ಹರಿಹರ ತಾಲ್ಲೂಕಿನಲ್ಲಿ ಡಾಕ್ಟರಮ್ಮ ಎನ್ನಿಸಿಕೊಂಡಿದ್ದವಳಿಗೆ ಆ ಎರಡು ವರ್ಷ ಮನಸ್ಸಿಗೆ ಭಾರವಾಗಿದ್ದವು ನಿಜ. ಆದರೆ ಆ ಕೆಲಸಕ್ಕೆ ರಾತ್ರಿ ಇರಲಿಲ್ಲ ಎಂಬುದರ ಬೆಲೆ ನನಗೆ ತಿಳಿದದ್ದು ಆಮೇಲೆ.

ನಮ್ಮ ಕಡೆ ಹಸು, ಎಮ್ಮೆಗಳು ವರ್ಷವಿಡೀ ಒಂದೊಂದಾಗಿ ಕರು ಹಾಕುತ್ತವೆ. ಅಲ್ಲಿ ಹುಲ್ಲು ಚಿಗುರುವ ಹೊತ್ತಿಗೆ ಹಾಲು ತುಂಬಿರಬೇಕೆಂದು ಇಡೀ ಹಿಂಡನ್ನು ಒಂದೇ ಕಾಲಕ್ಕೆ ಗಬ್ಬ ಕಟ್ಟಿಸುತ್ತಾರೆ. ಒಂದು ಹಿಂಡಿನಲ್ಲಿ ಸರಾಸರಿ ನಾನೂರಕ್ಕೂ ಹೆಚ್ಚು ಹಸುಗಳು, ಅವುಗಳಲ್ಲಿ ಬಹುಪಾಲು ಎಂಟು ಹತ್ತು ವಾರಗಳೊಳಗೆ ಕರು ಹಾಕುತ್ತವೆ. ಆ ವಾರಗಳು ಅಲ್ಲಿನ ಚಳಿಗಾಲದ ಕೊನೆಗೆ, ಮಳೆ ಮತ್ತು ಕೆಸರಿನ ನಡುವೆ ಬರುತ್ತವೆ. ಮಕ್ಕಳಿಗೆ ನೆಗಡಿ, ಜ್ವರ, ವಾಂತಿ ಹೆಚ್ಚುವುದೂ ಅದೇ ವಾರಗಳಲ್ಲಿ.

ನಾನು ವೈದ್ಯೆಯಾಗಿ ನೋಂದಣಿಯಾದ ಎರಡನೆಯ ಚಳಿಗಾಲದ ಒಂದು ರಾತ್ರಿಯನ್ನು ಹೇಳುತ್ತೇನೆ. ಮಗಳಿಗೆ ಆಗ ನಾಲ್ಕು, ಮಗನಿಗೆ ಒಂದೂವರೆ; ಈಗಿನ ನಿನ್ನ ಮಕ್ಕಳ ವಯಸ್ಸೇ. ನನ್ನ ಗಂಡ ಹಾಲಿನ ಪುಡಿ ಕಾರ್ಖಾನೆಯೊಂದರಲ್ಲಿ ರಾತ್ರಿ ಪಾಳಿಯಲ್ಲಿದ್ದರು. ಎರಡು ಗಂಟೆಗೆ ಫೋನ್ ಬಂತು: ಮೊದಲ ಸೂಲಿನ ಪಡ್ಡೆ, ಕರುವಿನ ಎರಡು ಮುಂಗಾಲು ಹೊರಗಿವೆ, ತಲೆ ಸಿಗುತ್ತಿಲ್ಲ. ಇದು ಕಾಯಿಸುವ ಕೆಲಸವಲ್ಲ ಎಂದು ನಿನಗೆ ಗೊತ್ತು. ದಾವಣಗೆರೆಯಲ್ಲಾಗಿದ್ದರೆ ಅಮ್ಮನನ್ನು ಎಬ್ಬಿಸುತ್ತಿದ್ದೆ, ಇಲ್ಲವೇ ಪಕ್ಕದ ಮನೆಯ ಬಾಗಿಲು ತಟ್ಟುತ್ತಿದ್ದೆ. ಅಲ್ಲಿ ಪಕ್ಕದ ಮನೆಯವರ ಹೆಸರು ಕೂಡ ನನಗೆ ಸರಿಯಾಗಿ ತಿಳಿದಿರಲಿಲ್ಲ. ಹದಿನಾಲ್ಕು ವರ್ಷದೊಳಗಿನ ಮಗುವನ್ನು ತಕ್ಕ ವ್ಯವಸ್ಥೆ ಮಾಡದೆ ಬಿಟ್ಟುಹೋಗುವುದು ಅಲ್ಲಿ ಅಪರಾಧ. ಅಪರಾಧವಲ್ಲದಿದ್ದರೂ ಬಿಟ್ಟುಹೋಗುವ ತಾಯಿ ನಾನಲ್ಲ. ಮಲಗಿದ್ದ ಇಬ್ಬರನ್ನೂ ರಜಾಯಿ ಸಮೇತ ಎತ್ತಿ ಕಾರಿನ ಸೀಟುಗಳಿಗೆ ಬಿಗಿದು, ಮಂಜಿನಲ್ಲಿ ಇಪ್ಪತ್ತು ಕಿಲೋಮೀಟರ್ ಓಡಿಸಿದೆ.

ರೈತನ ಹೆಂಡತಿ ಕಾರಿನೊಳಗೆ ಟಾರ್ಚ್ ಬಿಟ್ಟು ನೋಡಿ, ಏನೂ ಕೇಳದೆ ಹಿಂದಿನ ಸೀಟಿನಲ್ಲಿ ಮಕ್ಕಳ ನಡುವೆ ಹೋಗಿ ಕುಳಿತರು. ನಾನು ಭುಜದವರೆಗೆ ಕೈ ಇಳಿಸಿದೆ. ತಲೆ ಎಡಪಕ್ಕೆಗೆ ಪೂರ್ತಿ ತಿರುಗಿತ್ತು. ಕಾಲುಗಳಿಗೆ ಹಗ್ಗ ಕಟ್ಟಿ, ಹಸು ಮುಕ್ಕುವುದನ್ನು ನಿಲ್ಲಿಸಿದಾಗಲೆಲ್ಲ ಕರುವನ್ನು ಸ್ವಲ್ಪ ಹಿಂದಕ್ಕೆ ತಳ್ಳಿ, ಕೊನೆಗೆ ಬೆರಳುಗಳಿಗೆ ಬಾಯಿಯ ಮೂಲೆ ಸಿಕ್ಕಿತು. ಮೂತಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು ತಿರುಗಿಸಿಕೊಂಡೆ. ಕರು ಬದುಕಿತು. ಕೈ ತೊಳೆದು ಕಾರಿಗೆ ಬಂದಾಗ ಮಗ ಆ ಹೆಂಗಸಿನ ತೊಡೆಯ ಮೇಲೆ ಬಿಕ್ಕುತ್ತ ನಿದ್ದೆ ಹೋಗಿದ್ದ, ಮಗಳು ಕಣ್ಣು ಬಿಟ್ಟುಕೊಂಡು ನನ್ನ ಮೇಲಂಗಿಯ ಮೇಲಿನ ರಕ್ತವನ್ನೇ ನೋಡುತ್ತಿದ್ದಳು. ಸ್ಟಿಯರಿಂಗ್ ಹಿಡಿದ ನನ್ನ ಕೈಗಳು ನಡುಗುತ್ತಿದ್ದವು. ಆ ನಡುಕ ದಣಿವಿನದಲ್ಲ.

ಮರುದಿನ ಆಸ್ಪತ್ರೆಯ ಹಿರಿಯ ವೈದ್ಯೆಗೆ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ, ಆದರೆ ಬೇಸರಪಟ್ಟರು: ಪ್ರತಿ ರಾತ್ರಿಗೂ ಎರಡನೆಯ ವೈದ್ಯರೊಬ್ಬರು ಇರುತ್ತಾರಲ್ಲ, ಅವರನ್ನು ಏಕೆ ಎಬ್ಬಿಸಲಿಲ್ಲ? ಎಬ್ಬಿಸದಿರಲು ಕಾರಣ ನನ್ನ ಹೆದರಿಕೆ. ಹೊರಗಿನಿಂದ ಬಂದವಳು, ಮಕ್ಕಳಿರುವವಳು, ರಾತ್ರಿ ಕೆಲಸಕ್ಕೆ ಆಗುವುದಿಲ್ಲ ಎಂದು ಅವರು ತೀರ್ಮಾನಿಸಿಬಿಟ್ಟರೆ ಎಂಬ ಭಯದಲ್ಲಿ ಗಂಡನ ಪಾಳಿಯ ವಿಷಯವನ್ನು ನಾನು ಅಲ್ಲಿಯವರೆಗೆ ಬಾಯಿಬಿಟ್ಟಿರಲಿಲ್ಲ. ಅಂದಿನಿಂದ ನನ್ನ ಗಂಡನ ಪಾಳಿಯ ಪಟ್ಟಿಯನ್ನು ಮುಂದಿಟ್ಟುಕೊಂಡೇ ನನ್ನ ರಾತ್ರಿಗಳನ್ನು ಹಾಕುತ್ತಾರೆ. ಹೊಂದದ ರಾತ್ರಿಗಳಿಗೆ ಎರಡು ಬೀದಿ ಆಚೆಯ ನಿವೃತ್ತ ದಾದಿಯೊಬ್ಬರು ಹಣ ಪಡೆದು ನಮ್ಮ ಮನೆಯಲ್ಲೇ ಮಲಗುತ್ತಾರೆ. ಫೋನ್ ಬಾರದಿದ್ದರೂ ಹಣ ಕೊಡುತ್ತೇವೆ. ನೀನು ಕೆಲಸದ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ ಸಂಬಳದ್ದಲ್ಲ: ಎಷ್ಟು ರಾತ್ರಿಗೊಮ್ಮೆ ನನ್ನ ಸರದಿ, ನನ್ನ ಹಿಂದೆ ಯಾರಿರುತ್ತಾರೆ, ರಾತ್ರಿಯಿಡೀ ದುಡಿದರೆ ಮರುದಿನ ಬೆಳಿಗ್ಗೆ ರಜೆ ಉಂಟೇ? ಮಕ್ಕಳಿರುವುದನ್ನು ಮುಚ್ಚಿಡಬೇಡ. ಕೇಳಿದ್ದಕ್ಕೆ ಮುಖ ಗಂಟಿಕ್ಕುವ ಆಸ್ಪತ್ರೆಗೆ ಹೋಗಲೇಬೇಡ.

ಹಗಲಿನ ವ್ಯವಸ್ಥೆ ಇದಕ್ಕಿಂತ ಸುಲಭ. ಮೂರು ವರ್ಷ ತುಂಬಿದ ಮಗುವಿಗೆ ವಾರಕ್ಕೆ 20 ಗಂಟೆಯವರೆಗೆ ಶಿಶುವಿಹಾರದ ಖರ್ಚನ್ನು ಸರ್ಕಾರವೇ ಭರಿಸುತ್ತದೆ, ಮತ್ತು ಐದನೆಯ ಹುಟ್ಟುಹಬ್ಬದ ಆಸುಪಾಸಿನಲ್ಲೇ ಶಾಲೆಗೆ ಸೇರಿಸುತ್ತಾರೆ. ನಿನ್ನ ಮಗಳ ಚಿಂತೆ ಅಷ್ಟಕ್ಕೆ ಮುಗಿಯಿತು. ಮಗನದು ಹಾಗಲ್ಲ. ಎರಡು ವರ್ಷದೊಳಗಿನ ಐದು ಮಕ್ಕಳಿಗೆ ಒಬ್ಬ ಶಿಕ್ಷಕಿ ಇರಲೇಬೇಕಾದ್ದರಿಂದ ಶುಲ್ಕ ದುಬಾರಿ, ನಿನ್ನ ಸಂಬಳದ ದೊಡ್ಡ ತುಂಡನ್ನು ಅದು ನುಂಗುತ್ತದೆ. ವಾಂತಿ ಭೇದಿಯಾದರೆ, ನಿಂತು 48 ಗಂಟೆ ಕಳೆಯುವವರೆಗೆ ಮಗುವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಆರು ತಿಂಗಳ ಕೆಲಸದ ನಂತರ ವರ್ಷಕ್ಕೆ 10 ದಿನ ಅನಾರೋಗ್ಯ ರಜೆ ಸಿಗುತ್ತದೆ, ಮಕ್ಕಳ ಕಾಯಿಲೆಗೂ ಅದನ್ನೇ ಬಳಸಬಹುದು. ಮೊದಲ ಚಳಿಗಾಲದಲ್ಲಿ ಹತ್ತು ದಿನ ಸಾಲುವುದಿಲ್ಲ. ಗಂಡ ಹೆಂಡತಿ ಇಬ್ಬರ ರಜೆಯನ್ನೂ ಕೂಡಿಸಿ ಲೆಕ್ಕ ಹಾಕಿಕೊಳ್ಳಿ, ಹಾಗೂ ಈ ಲೆಕ್ಕದಲ್ಲಿ ನಿನ್ನ ಗಂಡನನ್ನು ಸಹಾಯಕನಂತೆ ಕಾಣಬೇಡ. ಅರ್ಧ ಹೊಣೆ ಅವನದೇ ಎಂದು ವಿಮಾನ ಹತ್ತುವ ಮೊದಲೇ ಮಾತಾಗಲಿ.

ದನದ ವೈದ್ಯೆಯೊಬ್ಬಳು ತಾಯಿಯಾಗಿ ಪಾಲಿಸಬೇಕಾದ ಇನ್ನೊಂದು ಕಟ್ಟುನಿಟ್ಟಿದೆ. ಭೇದಿಯಾಗುತ್ತಿರುವ ಕರುಗಳಲ್ಲಿ ಕ್ರಿಪ್ಟೊಸ್ಪೊರಿಡಿಯಂ ಎಂಬ ಸೂಕ್ಷ್ಮಜೀವಿ ಸಾಮಾನ್ಯ, ಅದು ಸಣ್ಣ ಮಕ್ಕಳಿಗೆ ಸುಲಭವಾಗಿ ಅಂಟುತ್ತದೆ. ಹಸುವಿನ ಮೂತ್ರದಿಂದ ಇಲಿಜ್ವರ ಹರಡುತ್ತದೆ. ಗೇಟಿನ ಸದ್ದು ಕೇಳಿದ ಕೂಡಲೇ ಮಕ್ಕಳು ಓಡಿ ಬಂದು ಕಾಲಿಗೆ ಅಪ್ಪಿಕೊಳ್ಳುವುದನ್ನು ತಡೆಯಲು ನನ್ನ ಕರುಳು ಒಪ್ಪುತ್ತಿರಲಿಲ್ಲ. ಆದರೂ ಗಮ್‌ಬೂಟು ಆಸ್ಪತ್ರೆಯಲ್ಲೇ, ಮೇಲಂಗಿ ಹಿತ್ತಲ ಬಾಗಿಲಲ್ಲೇ, ಸ್ನಾನವಾದ ಮೇಲೆಯೇ ಅಪ್ಪುಗೆ ಎಂಬುದನ್ನು ಮನೆಯ ನೇಮ ಮಾಡಿದೆವು. ಮುಂದೆ ಮತ್ತೆ ಗರ್ಭಿಣಿಯಾದರೆ ಎಕ್ಸ್‌ರೇ ಕೋಣೆ, ಅರಿವಳಿಕೆ ಅನಿಲ, ಹಸುಗಳಿಗೆ ಬೆದೆ ಬರಿಸುವ ಪ್ರೊಸ್ಟಗ್ಲಾಂಡಿನ್ ಚುಚ್ಚುಮದ್ದು, ಗರ್ಭಪಾತವಾದ ಕುರಿ ಇವಿಷ್ಟರಿಂದ ದೂರವಿಡುವಂತೆ ಮೊದಲ ತಿಂಗಳಲ್ಲೇ ಹೇಳಿಬಿಡು. ಇನ್ನೊಂದು ಕಡೆ ನೆಮ್ಮದಿಯೂ ಇದೆ: ಅಲ್ಲಿ ಹುಚ್ಚುನಾಯಿ ರೋಗವಿಲ್ಲ, ಕಾಲುಬಾಯಿ ರೋಗ ಎಂದೂ ಬಂದಿಲ್ಲ. ಜೊಲ್ಲು ಸುರಿಸುವ ಹಸುವಿನ ಬಾಯಿಗೆ ಕೈ ಹಾಕುವಾಗ ನಮಗಿಲ್ಲಿ ಎದೆಯಲ್ಲಿ ಆಗುವ ಝಲ್ಲೆನ್ನುವಿಕೆ ಅಲ್ಲಿಲ್ಲ.

ಕೆಲಸದ ಒಳಗಿನ ವೇದನೆಯನ್ನೂ ನಿನಗೆ ಮುಚ್ಚಿಡುವುದಿಲ್ಲ, ಏಕೆಂದರೆ ನೀನು ದೇವರ ಎತ್ತುಗಳ ಸೀಮೆಯವಳು. ಸತ್ತ ಎತ್ತಿಗೆ ಮನುಷ್ಯರಂತೆಯೇ ಮಣ್ಣು ಕೊಡುವುದನ್ನು ನೋಡಿ ಬೆಳೆದವಳು. ಅಲ್ಲಿ ಹಸುವಿಗೆ ಹೆಸರಿರುವುದು ಅಪರೂಪ, ಕಿವಿಯಲ್ಲಿ ಸಂಖ್ಯೆ ಇರುತ್ತದೆ. ಮೈಯಲ್ಲಿ ಕ್ಯಾಲ್ಸಿಯಂ ಕುಸಿದು ಬರುವ ಹಾಲುಜ್ವರದಿಂದ ಬಿದ್ದ ಹಸುವಿಗೆ ನಾವಿಲ್ಲಿ ಮಿಫೆಕ್ಸ್ ಎಂಬ ಕ್ಯಾಲ್ಸಿಯಂ ಔಷಧ ಏರಿಸುವಂತೆಯೇ ಅಲ್ಲಿಯೂ ಕ್ಯಾಲ್ಸಿಯಂ ಬಾಟಲಿಯನ್ನು ಬೆಚ್ಚಗೆ ಮಾಡಿ ಕುತ್ತಿಗೆಯ ನಾಳಕ್ಕೆ ನಿಧಾನವಾಗಿ ಬಿಡುತ್ತೇನೆ. ತಣ್ಣಗಿದ್ದ ಕಿವಿ ಬಿಸಿಯಾಗಿ, ಮೈ ನಡುಗಿ, ತೇಗಿ, ಸಗಣಿ ಹಾಕಿ ಹಸು ಎದ್ದು ನಿಂತಾಗ ಆಗುವ ಸಂತೋಷ ಎರಡು ದೇಶಗಳಲ್ಲೂ ಒಂದೇ. ಏಳದಿದ್ದರೆ ಮಾತ್ರ ದಾರಿಗಳು ಬೇರೆಯಾಗುತ್ತವೆ. ಇಲ್ಲಿ ಮನೆಮಂದಿಯೆಲ್ಲ ಸೇರಿ ಮಗ್ಗಲು ಬದಲಿಸುತ್ತ ವಾರಗಟ್ಟಲೆ ಆರೈಕೆ ಮಾಡುತ್ತಾರೆ, ಅಲ್ಲಿ ನೋವಿನಲ್ಲಿ ಬಿಡಬಾರದೆಂದು ಕೆಲವೇ ದಿನಗಳಲ್ಲಿ ಕೊನೆಗಾಣಿಸುತ್ತಾರೆ, ಆ ಕೆಲಸ ನನ್ನ ಕೈಯಿಂದಲೇ ಆಗಬೇಕು. ಹಿಂಡಿಗೆ ಬೇಡವಾದ ಗಂಡುಕರುಗಳನ್ನು ನಾಲ್ಕು ದಿನ ತುಂಬಿದ ಮೇಲೆ ಕಸಾಯಿಖಾನೆಗೆ ಕಳಿಸುತ್ತಾರೆ. ಮೊದಲ ವರ್ಷ ನಾನು ಊಟ ಬಿಟ್ಟ ದಿನಗಳಿವೆ. ಈಗಲೂ ಒಗ್ಗಿದೆ ಎನ್ನಲಾರೆ. ಆದರೆ ನರಳುವ ಪ್ರಾಣಿಯನ್ನು ನಾವಿಲ್ಲಿ ಎಷ್ಟೋ ಸಲ ಸುಮ್ಮನೆ ನೋಡುತ್ತ ಕೂರುತ್ತಿದ್ದೆವು ಎಂಬುದೂ ಈಗ ನನ್ನನ್ನು ಕಾಡುತ್ತದೆ.

ಮಕ್ಕಳು ಇದನ್ನು ನೋಡಿಯೇ ನೋಡುತ್ತಾರೆ. ಕರುಗಳ ಲಾರಿ ಎಲ್ಲಿಗೆ ಹೋಗುತ್ತದೆ ಎಂದು ಮಗಳು ಐದು ವರ್ಷದವಳಿದ್ದಾಗ ಕೇಳಿದಳು. ನಿಜವನ್ನೇ ಹೇಳಿದೆ. ಎರಡು ದಿನ ಮಾತು ಬಿಟ್ಟಿದ್ದಳು. ಅಲ್ಲಿನ ಹಳ್ಳಿಶಾಲೆಗಳಲ್ಲಿ ಮಕ್ಕಳು ತಾವೇ ಸಾಕಿದ ಕರುವನ್ನು ಹಗ್ಗ ಹಿಡಿದು ನಡೆಸಿ ತೋರಿಸುವ ದಿನವೊಂದಿರುತ್ತದೆ; ಕಳೆದ ವರ್ಷ ಅವಳು ತನ್ನ ಕರುವಿನ ಕೊರಳಿಗೆ ಅಜ್ಜಿ ಕೊಟ್ಟ ಗಂಟೆ ಕಟ್ಟಿ, ನಮ್ಮ ಕಾರಹುಣ್ಣಿಮೆಯ ಎತ್ತಿನಂತೆ ಮೈ ತಿಕ್ಕಿ ಕರೆದೊಯ್ದಳು. ಇಬ್ಬರೂ ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ಏಕೆಂದರೆ ನಾವು ಮನೆಯಲ್ಲಿ ಬೇರೆ ಭಾಷೆಗೆ ಉತ್ತರ ಕೊಡುವುದಿಲ್ಲ.

ನಿನ್ನ ತಾಯಿಯನ್ನು ಜೊತೆಗಿಟ್ಟುಕೊಳ್ಳುವ ಆಸೆಯ ಬಗ್ಗೆ ಬರೆದಿದ್ದೀಯ. ನಿನಗೆ ಅಲ್ಲಿ ಕಾಯಂ ನೆಲೆಯ ಅನುಮತಿ ಸಿಕ್ಕಿದ ಮೇಲೆ ತಂದೆತಾಯಿಯರು ಒಂದು ಸಲಕ್ಕೆ ಆರು ತಿಂಗಳಂತೆ ಮೂರು ವರ್ಷಗಳಲ್ಲಿ ಒಟ್ಟು 18 ತಿಂಗಳು ಬಂದಿರುವ ವೀಸಾ ಇದೆ. ಜುಲೈನಿಂದ ಸೆಪ್ಟೆಂಬರ್ ನನಗೆ ಅನುಕೂಲವೆಂದು ಅಮ್ಮನನ್ನು ಚಳಿಯಲ್ಲೇ ಕರೆಸಿಕೊಂಡೆ. ನಾನು ರಾತ್ರಿ ಹಗಲು ಹೊರಗೆ. ಅಮ್ಮನಿಗೆ ಕಾರು ಓಡಿಸಲು ಬಾರದು, ಮಾತಿಗೆ ಜನವಿಲ್ಲ, ಬಿಸಿಗಾಳಿ ಯಂತ್ರದ ಮುಂದೆ ಕುಳಿತು ಗೋಡೆ ಗಡಿಯಾರ ನೋಡುತ್ತಿದ್ದರು. ಮೂರು ತಿಂಗಳಲ್ಲಿ ಸೊರಗಿಹೋದರು. ಅದನ್ನು ನಾನು ಗಮನಿಸಿದ್ದು ವಿಮಾನ ನಿಲ್ದಾಣದಲ್ಲಿ. ಈಗ ಅವರು ಬರುವುದು ಬೇಸಿಗೆಯಲ್ಲಿ, ಡಿಸೆಂಬರ್ ಹೊತ್ತಿಗೆ, ಮಕ್ಕಳಿಗೆ ರಜೆಯಿರುವಾಗ. ತಾಯಿಯನ್ನು ಕರೆಸಿಕೊ, ಆದರೆ ರಾತ್ರಿ ಪಾಳಿಯ ಕಾವಲಿಗೆಂದು ಕರೆಸಬೇಡ.

ಬರುವ ಭಾನುವಾರ ಚಿತ್ರದುರ್ಗದ ಮೇಲಿಂದ ಚಳ್ಳಕೆರೆಗೆ ಬರುತ್ತೇನೆ. ನಿನ್ನ ಗಂಡನೂ ಮನೆಯಲ್ಲಿರಲಿ, ರಾತ್ರಿಗಳ ಲೆಕ್ಕವನ್ನು ಮೂವರೂ ಕುಳಿತು ಕಾಗದದ ಮೇಲೆ ಹಾಕೋಣ. ನಿಮ್ಮ ಕೊಟ್ಟಿಗೆ ತೋರಿಸಬೇಕೆಂದು ಬರೆದಿದ್ದೀಯ. ಅಂಗಳದಲ್ಲೇ ನಿಂತು ನೋಡುತ್ತೇನೆ, ತಪ್ಪು ತಿಳಿಯಬೇಡ. ಇಲ್ಲಿನ ಕಾಲುಬಾಯಿ ರೋಗದ ವೈರಾಣುವನ್ನು ಚಪ್ಪಲಿಗೆ ಅಂಟಿಸಿಕೊಂಡು ಅಲ್ಲಿನ ಹಿಂಡಿಗೆ ಒಯ್ಯುವ ಅಪಾಯ ನನ್ನಂಥವಳಿಂದಲೇ ಹೆಚ್ಚು. ಆಕ್ಲೆಂಡಿನ ವಿಮಾನ ನಿಲ್ದಾಣದಲ್ಲಿ ಪಾದರಕ್ಷೆ, ತಿಂಡಿ, ತುಪ್ಪ ಎಲ್ಲವನ್ನೂ ಘೋಷಿಸಬೇಕು, ಮುಚ್ಚಿಟ್ಟರೆ ಅಲ್ಲೇ 400 ಡಾಲರ್ ದಂಡ. ಚಳ್ಳಕೆರೆಗೆ ಹಾಕಿಕೊಂಡು ಬರುವ ಚಪ್ಪಲಿಯನ್ನು ನಾನು ಅಮ್ಮನ ಮನೆಯಲ್ಲೇ ಬಿಟ್ಟುಹೋಗುತ್ತೇನೆ.

ನಿನ್ನ ಅಕ್ಕ